ಲೀಸಾ, ಖರೀದಿಯಾ: ಅಮೆರಿಕದಲ್ಲಿ ಲಕ್ಷುರಿ ಸ್ಪೋರ್ಟ್ ಸೆಡಾನ್ ತೆಗೆದುಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಶೋರೂಮಿನಲ್ಲಿ ಕೂತ ಐದೇ ನಿಮಿಷಕ್ಕೆ ಡೀಲರ್ ಕೇಳುವ ಪ್ರಶ್ನೆ ಒಂದಿದೆ. ತಿಂಗಳಿಗೆ ಎಷ್ಟು ಕಟ್ಟುವ ಯೋಚನೆ ಇದೆ ಅಂತ. ದಯವಿಟ್ಟು ಇದಕ್ಕೆ ಉತ್ತರ ಕೊಡಬೇಡಿ. ನೀವು 600 ಡಾಲರ್ ಅಂದರೆ ಸರಿಯಾಗಿ 600ಕ್ಕೇ ತಂದು ನಿಲ್ಲಿಸುತ್ತಾರೆ. ಡೌನ್ ಪೇಮೆಂಟ್ ಏರಿಸುತ್ತಾರೆ, ಅವಧಿ ಎಳೆಯುತ್ತಾರೆ, ವರ್ಷಕ್ಕೆ ಓಡಿಸಬಹುದಾದ ಮೈಲಿ ಇಳಿಸುತ್ತಾರೆ, ಕೊನೆಗೆ ಒಟ್ಟು ಎಷ್ಟು ಹೋಯಿತು ಅನ್ನೋದೇ ನಿಮಗೆ ಗೊತ್ತಾಗುವುದಿಲ್ಲ. ಬೇ ಏರಿಯಾ, ಡಲ್ಲಾಸ್, ನ್ಯೂಜೆರ್ಸಿ ಕಡೆ ಇರುವ ನಮ್ಮವರು ಮೊದಲ ಸಲ ಇಂಥ ಕಾರಿಗೆ ಕೈ ಹಾಕುವಾಗ ಎಡವುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ.

ಮೊದಲು ಕಾರುಗಳು. ಓಡಿಸುವ ಖುಷಿಯೇ ಮುಖ್ಯ ಅಂದರೆ ಬಿಎಂಡಬ್ಲ್ಯೂ 330ಐ. 255 ಅಶ್ವಶಕ್ತಿ ಅಷ್ಟೇ, ಆದರೆ ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ. ಇನ್ನೂ ಬೇಕು ಅಂದರೆ ಆರು ಸಿಲಿಂಡರಿನ ಎಂ340ಐ ಇದೆ, ಬೆಲೆಯೂ ಹಾಗೇ ಮೇಲೆ ಹೋಗುತ್ತದೆ. ಮರ್ಸಿಡೀಸ್ ಸಿ300ಗೂ 255 ಅಶ್ವಶಕ್ತಿಯೇ. ಒಳಗೆ ಕೂತರೆ ಬಿಎಂಡಬ್ಲ್ಯೂಗಿಂತ ಚೆಂದ, ಸ್ವಭಾವ ಮಾತ್ರ ಸ್ವಲ್ಪ ಮೆತ್ತಗೆ. ಆಡಿಯಲ್ಲಿ ಎ4 ಹೋಗಿ 2025ರಿಂದ ಎ5 ಬಂದಿದೆ. ಹಿಂದಿನ ಗಾಜಿನ ಸಮೇತ ಬಾಗಿಲು ಮೇಲಕ್ಕೆ ತೆರೆಯುತ್ತದೆ, ಊರಿಂದ ಬರುವವರ ದೊಡ್ಡ ಸೂಟ್‌ಕೇಸ್ ಇಡುವಾಗ ಇದರ ಬೆಲೆ ಗೊತ್ತಾಗುತ್ತದೆ. ಲೆಕ್ಸಸ್ ಐಎಸ್ 350 ಹಳೆಯ ವಿನ್ಯಾಸ, ಅದರ ಬುನಾದಿ 2013ರ ಕಾಲದ್ದು. ಆದರೆ ಟರ್ಬೊ ಇಲ್ಲದ 311 ಅಶ್ವಶಕ್ತಿಯ ವಿ6, ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ನನ್ನ ಮೊದಲ ಆಯ್ಕೆ. ಜೆನೆಸಿಸ್ ಜಿ70 ಕೊಟ್ಟ ಕಾಸಿಗೆ ಜಾಸ್ತಿ ಕೊಡುತ್ತದೆ: 2.5 ಲೀಟರ್ ಟರ್ಬೊದಲ್ಲೇ 300 ಅಶ್ವಶಕ್ತಿ, ಮೊದಲ ಮಾಲೀಕರಿಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಮೇಲೆ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ. ಜರ್ಮನ್ ಮೂವರದ್ದು ಪೂರ್ತಿ ಕಾರಿಗೆ 4 ವರ್ಷ ಅಥವಾ 50,000 ಮೈಲಿ, ಅಲ್ಲಿಗೆ ಮುಗಿಯಿತು.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಅಪ್ಪ ಅಮ್ಮ ವೀಸಾ ಮೇಲೆ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ. ಜಿ70 ಮತ್ತು ಐಎಸ್ ಎರಡರಲ್ಲೂ ಹಿಂದೆ ಇಕ್ಕಟ್ಟು. ಮಂಡಿ ನೋವಿನವರು ಇಳಿಯಲು ಪಡುವ ಪಾಡು ನೋಡಿದರೆ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಈಗ ಲೀಸ್, ಅಂದರೆ ತಿಂಗಳ ಕಂತು ಕಟ್ಟಿ ಕೆಲವು ವರ್ಷ ಓಡಿಸಿ ಕಾರು ವಾಪಸ್ ಕೊಡುವುದು. ಅದರಲ್ಲಿ ನಾಲ್ಕು ಸಂಖ್ಯೆ ಗೊತ್ತಿದ್ದರೆ ಸಾಕು: ಚೌಕಾಸಿ ಮಾಡಿ ಇಳಿಸಿದ ಬೆಲೆ, ಲೀಸ್ ಮುಗಿಯುವಾಗಿನ ರೆಸಿಡ್ಯುಅಲ್ ಬೆಲೆ, ಬಡ್ಡಿಯ ಲೆಕ್ಕಕ್ಕೆ ಬಳಸುವ ಮನಿ ಫ್ಯಾಕ್ಟರ್, ಮತ್ತು ತಿಂಗಳುಗಳು. 50,000 ಡಾಲರ್ ಸ್ಟಿಕರ್ ಬೆಲೆಯ (ಕಂಪನಿ ಕಾರಿನ ಮೇಲೆ ಅಂಟಿಸಿದ ಬೆಲೆ) ಕಾರನ್ನು 46,500ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಮೂರು ವರ್ಷದ ನಂತರದ ರೆಸಿಡ್ಯುಅಲ್ ಶೇ 58. ಇದನ್ನು ಲೆಕ್ಕ ಹಾಕುವುದು ಸ್ಟಿಕರ್ ಬೆಲೆಯ ಮೇಲೆ, ಅಂದರೆ 29,000. ವ್ಯತ್ಯಾಸ 17,500 ಅನ್ನು 36 ತಿಂಗಳಿಗೆ ಹಂಚಿದರೆ 486 ಡಾಲರ್. ಇದು ಸವಕಳಿ. ಇನ್ನು ಬಡ್ಡಿ: ಎರಡೂ ಬೆಲೆ ಕೂಡಿಸಿ, 75,500, ಅದನ್ನು ಮನಿ ಫ್ಯಾಕ್ಟರ್ 0.0025ರಿಂದ ಗುಣಿಸಿದರೆ 189. ಒಟ್ಟು ತಿಂಗಳಿಗೆ 675, ತೆರಿಗೆ ಬಿಟ್ಟು.

ಆ 0.0025 ನೋಡೋಕೆ ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? 2400ರಿಂದ ಗುಣಿಸಿ, ಶೇ 6 ಬಡ್ಡಿ. ಡೀಲರ್ ಅದನ್ನೇ ಸುಮ್ನೆ 0.0029 ಅಂತ ಬರೆದರೆ ತಿಂಗಳಿಗೆ 30 ಡಾಲರ್ ಜಾಸ್ತಿ, ಮೂರು ವರ್ಷಕ್ಕೆ ಸಾವಿರದ ಮೇಲೆ. ಫೈನಾನ್ಸ್ ಕಂಪನಿ ಕೊಡುವ ಮೂಲ ದರಕ್ಕೆ ಬೈ ರೇಟ್ ಅನ್ನುತ್ತಾರೆ. ಇದು ಬೈ ರೇಟಾ ಅಂತ ನೇರವಾಗಿ ಕೇಳಿ, ಬರೆದು ಕೊಡಿ ಅನ್ನಿ.

ಇದೇ ಕಾರನ್ನು ಸಾಲ ಮಾಡಿ ಕೊಂಡರೆ? 46,500ಕ್ಕೆ ಶೇ 6ರಂತೆ 60 ತಿಂಗಳು, ಕಂತು 899. ಮೂರು ವರ್ಷಕ್ಕೆ 32,360 ಕಟ್ಟಿರುತ್ತೀರಿ, ಸಾಲ ಇನ್ನೂ 20,280 ಉಳಿದಿರುತ್ತದೆ. ಕಾರು 29,000ಕ್ಕೆ ಮಾರಿದರೆ ಸಾಲ ತೀರಿಸಿ 8,700 ಕೈಗೆ ಬರುತ್ತದೆ. ನಿಜವಾದ ಖರ್ಚು 23,650. ಲೀಸಿನದು 24,300, ಅದರ ಮೇಲೆ ಶುರುವಿನ ಮತ್ತು ಕೊನೆಯ ಶುಲ್ಕ ಸೇರಿ ಒಂದು 1,300 ಇಟ್ಟುಕೊಂಡರೆ 25,600.

ತೆರಿಗೆ ಈ ಅಂತರವನ್ನೇ ಬದಲಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಲೀಸಿಗೆ ತಿಂಗಳ ಕಂತಿನ ಮೇಲಷ್ಟೇ ತೆರಿಗೆ, ಕೊಂಡರೆ ಪೂರ್ತಿ ಬೆಲೆಯ ಮೇಲೆ. ಶೇ 9 ಅಂತ ಹಿಡಿದರೂ ಲೀಸಿಗೆ 2,190, ಖರೀದಿಗೆ 4,185. ಕೂಡಿಸಿ ನೋಡಿ, ಎರಡೂ 27,800ರ ಆಸುಪಾಸು ಬಂದು ನಿಲ್ಲುತ್ತವೆ! ಟೆಕ್ಸಾಸ್‌ನಲ್ಲಿ ಹೀಗಲ್ಲ. ಅಲ್ಲಿ ಲೀಸಿಗೂ ಪೂರ್ತಿ ಬೆಲೆಯ ಮೇಲೆ ಶೇ 6.25 ಬೀಳುತ್ತದೆ, ಹಾಗಾಗಿ ಖರೀದಿಯೇ ಸುಮಾರು 2,000 ಡಾಲರ್ ಅಗ್ಗ.

ಅಂದರೆ ಮೂರು ವರ್ಷಕ್ಕೆ ಕಾರು ಬದಲಿಸುವವರಿಗೆ ದೊಡ್ಡ ವ್ಯತ್ಯಾಸವೇ ಇಲ್ಲ. ಎಂಟು ವರ್ಷ ಇಟ್ಟುಕೊಳ್ಳುವವರ ಕಥೆ ಬೇರೆ. ಕಂತು, ಕ್ಯಾಲಿಫೋರ್ನಿಯಾದ ತೆರಿಗೆ ಸೇರಿ 58,100 ಹೋಗುತ್ತದೆ. ಕೊನೆಗೆ 12,000ಕ್ಕೆ ಮಾರಿದರೆ, ರಿಪೇರಿಗೆ ಅಂತ 9,000 ಎತ್ತಿಟ್ಟರೂ, ತಿಂಗಳಿಗೆ 575 ಬೀಳುತ್ತದೆ. ಒಂದಾದ ಮೇಲೊಂದು ಲೀಸ್ ಮಾಡುತ್ತಾ ಹೋದರೆ 770. ಎಂಟು ವರ್ಷದಲ್ಲಿ ಸುಮಾರು 19,000 ಡಾಲರ್ ಅಂತರ. ಇಷ್ಟು ದುಡ್ಡು ಕೊಟ್ಟು ಯಾವಾಗಲೂ ಹೊಸ ಕಾರು, ಯಾವಾಗಲೂ ವಾರಂಟಿ ಬೇಕು ಅನ್ನುವವರು ಲೀಸ್ ಮಾಡಲಿ, ತಪ್ಪೇನಿಲ್ಲ. ಆದರೆ ಗೊತ್ತಿದ್ದು ಮಾಡಲಿ.

ಲೀಸಿಗೆ ಒಂದು ನಿಜವಾದ ಅನುಕೂಲವಿದೆ. ಮೂರು ವರ್ಷದ ನಂತರ ಮಾರುಕಟ್ಟೆಯಲ್ಲಿ ಆ ಕಾರಿಗೆ 25,000 ಮಾತ್ರ ಸಿಕ್ಕರೆ ಆ 4,000 ನಷ್ಟ ನಿಮ್ಮದಲ್ಲ, ಕೀಲಿ ಕೊಟ್ಟು ಬಂದರಾಯಿತು. ಬೆಲೆ ಏರಿದರೆ 29,000ಕ್ಕೇ ಕೊಂಡುಕೊಳ್ಳಬಹುದು. 2021-22ರಲ್ಲಿ ಚಿಪ್ ಕೊರತೆಯಿಂದ ಹಳೆಯ ಕಾರುಗಳ ಬೆಲೆ ಗಗನಕ್ಕೇರಿದಾಗ ಎಷ್ಟೋ ಜನ ಹೀಗೇ ಲಾಭ ಮಾಡಿಕೊಂಡರು. ಆಮೇಲೆ ಹಲವು ಕಂಪನಿಗಳು ಲೀಸ್ ಕಾರನ್ನು ನೇರವಾಗಿ ಹೊರಗಿನ ಡೀಲರ್‌ಗೆ ಮಾರುವುದನ್ನು ನಿಲ್ಲಿಸಿದವು. ಕರಾರಿನಲ್ಲಿ ಈ ಷರತ್ತನ್ನು ಹುಡುಕಿ ಓದಿ.

ಎಚ್‌1ಬಿ ಮೇಲಿರುವವರು ಇನ್ನೊಂದು ವಿಷಯ ಯೋಚಿಸಬೇಕು. ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಅಥವಾ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. ಸ್ವಂತ ಕಾರಾದರೆ ಕಾರ್‌ಮ್ಯಾಕ್ಸ್‌ನಂಥ ಹಳೆಯ ಕಾರು ಕೊಳ್ಳುವ ಕಡೆ ಹೋಗಿ ಬೇಗ ಮಾರಿ ವಿಮಾನ ಹತ್ತಬಹುದು. ಲೀಸನ್ನು ನಡುವೆ ಮುರಿದರೆ ಉಳಿದ ಕಂತುಗಳ ಬಹುಪಾಲು ನಿಮ್ಮ ತಲೆಗೇ ಬರುತ್ತದೆ. ಇನ್ನೊಬ್ಬರ ಹೆಸರಿಗೆ ಲೀಸ್ ವರ್ಗಾಯಿಸಲು ಕೆಲವು ಕಂಪನಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಸಹಿ ಹಾಕುವ ಮುಂಚೆಯೇ ಕೇಳಿ. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ದುಬಾರಿ ಲೀಸ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲೀಸಿಗೆ ಡೌನ್ ಪೇಮೆಂಟ್ ಕೊಡಲೇಬೇಡಿ. 4,000 ಕೊಟ್ಟು ಮುಂದಿನ ವಾರ ಕಾರು ಅಪಘಾತದಲ್ಲಿ ಪೂರ್ತಿ ಹೋದರೆ ವಿಮೆಯ ಹಣ ಲೀಸ್ ಕಂಪನಿಗೆ ಹೋಗುತ್ತದೆ, ನಿಮ್ಮ 4,000 ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವಿಮೆಯ ಹಣಕ್ಕೂ ಲೀಸ್ ಬಾಕಿಗೂ ಇರುವ ಅಂತರ ತುಂಬುವ ಗ್ಯಾಪ್ ವಿಮೆ ಕರಾರಿನಲ್ಲೇ ಇದೆಯಾ ನೋಡಿಕೊಳ್ಳಿ.

ಮೈಲಿಯಲ್ಲೂ ಜಿಪುಣತನ ಬೇಡ. ವರ್ಷಕ್ಕೆ 10,000 ಸಾಕು ಅನ್ನಿಸುತ್ತದೆ, ಆದರೆ ಫ್ರೀಮಾಂಟ್‌ನಿಂದ ಲಾಸ್ ಏಂಜಲೀಸ್‌ಗೆ ಹೋಗಿ ಬಂದರೇ 700ರ ಹತ್ತಿರ, ಜೊತೆಗೆ ವಾರವಾರ ಲಿವರ್‌ಮೋರ್ ದೇವಸ್ಥಾನ, ದಿನದ ಆಫೀಸು. ಮೈಲಿಗೆ 25 ಸೆಂಟ್‌ನಂತೆ 5,000 ಮೈಲಿ ಮೀರಿದರೆ 1,250 ಡಾಲರ್. 12,000ದ ಲೀಸನ್ನೇ ಮೊದಲು ತೆಗೆದುಕೊಂಡರೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಗೆ ಮುಗಿಯುತ್ತದೆ.

ಕಾರು ವಾಪಸ್ ಕೊಡುವ ಎರಡು ತಿಂಗಳ ಮುಂಚೆ ಉಚಿತ ತಪಾಸಣೆಗೆ ಸಮಯ ಕೇಳಿ. ಟೈರ್ ಸವೆದಿದ್ದರೆ ಹೊರಗಡೆ ಅಗ್ಗವಾಗಿ ಹಾಕಿಸಿ, ಆದರೆ ಅಳತೆ ಮತ್ತು ಬಗೆ ಮೊದಲಿದ್ದದ್ದೇ ಇರಲಿ. ಕಾರಿನ ಜೊತೆ ರನ್‌ಫ್ಲಾಟ್ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ಟೈರ್) ಬಂದಿದ್ದರೆ ರನ್‌ಫ್ಲಾಟೇ ಹಾಕಿಸಿ, ಇಲ್ಲದಿದ್ದರೆ ನಾಲ್ಕಕ್ಕೂ ಬಿಲ್ ಬರುತ್ತದೆ. ಎರಡೂ ಕೀಲಿ ಹುಡುಕಿ ಇಟ್ಟುಕೊಳ್ಳಿ. ಕೊಟ್ಟು ಬರುವ ದಿನ ಓಡೋಮೀಟರ್ ಮತ್ತು ನಾಲ್ಕೂ ಬದಿಯ ಫೋಟೊ ತೆಗೆದು, ಕಾರು ಪಡೆದುಕೊಂಡ ರಸೀದಿಗೆ ಸಹಿ ಹಾಕಿಸಿಕೊಂಡೇ ಹೊರಗೆ ಬನ್ನಿ.