ವ್ಯಾಕ್ಸಿಂಗ್ ಕಡ್ಡಾಯ ಎಂಬ ಸಾಲನ್ನು ತೆಗೆಸಿದ ಬಗೆ

ಹೋಟೆಲಿನ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಗ್ರೂಮಿಂಗ್ ಚೆಕ್ ಏನು ಅಂತ ವಿವರಿಸಬೇಕಿಲ್ಲ. ಶಿಫ್ಟಿಗೆ ಮುಂಚೆ ಬ್ರೀಫಿಂಗಿನಲ್ಲಿ ಸಾಲಾಗಿ ನಿಲ್ಲಬೇಕು. ಡ್ಯೂಟಿ ಮ್ಯಾನೇಜರ್ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ನೋಡುತ್ತಾ ಬರುತ್ತಾರೆ. ಬೆಂಗಳೂರಿನಲ್ಲಿ ನಾನು ಕೆಲಸ ಮಾಡುವ ಹೋಟೆಲಿನ ಪಟ್ಟಿಯಲ್ಲಿ ಗಂಡಸರಿಗೆ ಇದ್ದದ್ದು ಇಷ್ಟು: ಗಡ್ಡ ಬೋಳಿಸಿರಬೇಕು ಇಲ್ಲವೇ ಟ್ರಿಮ್ ಮಾಡಿರಬೇಕು, ತಲೆಗೂದಲು ಕಾಲರ್ ಮುಟ್ಟಬಾರದು, ಉಗುರು ಕತ್ತರಿಸಿರಬೇಕು, ಶೂ ಪಾಲಿಶ್ ಆಗಿರಬೇಕು, ಬೆವರಿನ ವಾಸನೆ ಬರಬಾರದು. ಹೆಂಗಸರ ಪಟ್ಟಿ ಇದರ ಎರಡರಷ್ಟು ಉದ್ದ. ತುರುಬು, ನೆಟ್, ಲಿಪ್‌ಸ್ಟಿಕ್ಕಿನ ಬಣ್ಣ ಎಲ್ಲ ಆದಮೇಲೆ ಮೂರು ಸಾಲು: ಹುಬ್ಬು ಶೇಪ್ ಆಗಿರಬೇಕು, ಮೇಲ್ದುಟಿಯ ಮೇಲೆ ಕೂದಲು ಕಾಣಬಾರದು, ಕೈಕಾಲು ವ್ಯಾಕ್ಸ್ ಆಗಿರಬೇಕು. ನಮ್ಮದು ಸೀರೆ ಯೂನಿಫಾರ್ಮ್. ಕಾಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಆದರೂ ಕಾಲಿನ ಮಾತು ಅಲ್ಲಿತ್ತು.

ನಾನೀಗ ಅದೇ ವಿಭಾಗದಲ್ಲಿ ಹೊಸಬರಿಗೆ ತರಬೇತಿ ಕೊಡುತ್ತೇನೆ. ಕೈಕಾಲಿನ ಸಾಲು ಪಟ್ಟಿಯಿಂದ ಹೋಗಿದೆ. ಅದು ಹೇಗೆ ಹೋಯಿತು, ಅದಕ್ಕೂ ಮುಂಚೆ ನನ್ನ ಮೈಮೇಲಿನ ಕೂದಲಿನ ವಿಷಯದಲ್ಲಿ ನಾನು ಏನು ಇಟ್ಟುಕೊಂಡೆ, ಏನು ಬಿಟ್ಟೆ ಅಂತ ಬರೆಯುತ್ತಿದ್ದೇನೆ. ಶೋರೂಮು, ಆಸ್ಪತ್ರೆ ರಿಸೆಪ್ಷನ್, ಬ್ಯಾಂಕಿನ ಕೌಂಟರುಗಳಲ್ಲಿ ಕೂತ ಹೆಣ್ಣುಮಕ್ಕಳಿಗೂ ಇದು ಗೊತ್ತಿರುವ ಕಥೆಯೇ. ಅಲ್ಲಿ ಬರೆದಿಡದಿದ್ದರೂ ಬಾಯಿಮಾತಿನಲ್ಲಿ ಇರುತ್ತದೆ.

ಈ ನಿಯಮ ಬರೆದವರು ಯಾವತ್ತೂ ವ್ಯಾಕ್ಸ್ ಮಾಡಿಸಿಕೊಂಡಿರಲಿಕ್ಕಿಲ್ಲ. ವ್ಯಾಕ್ಸ್ ಕೂದಲನ್ನು ಹಿಡಿಯಬೇಕಾದರೆ ಅದು ಹತ್ತಿರ ಹತ್ತಿರ ಕಾಲಂಗುಲ ಬೆಳೆದಿರಬೇಕು. ಅಂದರೆ ಒಂದು ಸಲ ಮಾಡಿಸಿ ಮುಂದಿನ ಸಲಕ್ಕೆ ಹೋಗುವ ಮುಂಚೆ ಕೂದಲು ಎದ್ದು ಕಾಣುವ ದಿನಗಳು ಇದ್ದೇ ಇರುತ್ತವೆ. ಪಟ್ಟಿಯ ಪ್ರಕಾರ ಆ ದಿನಗಳೂ ಇರಕೂಡದು. ಹಾಗಾಗಿ ನಮ್ಮ ಹುಡುಗಿಯರು ಮಾಡುತ್ತಿದ್ದದ್ದು ಏನೆಂದರೆ, ಆ ನಡುವಿನ ದಿನಗಳಲ್ಲಿ ಲಾಕರ್ ರೂಮಿನ ಸಿಂಕಿನ ಮುಂದೆ ನಿಂತು, ಬೆಳಗಿನ ಶಿಫ್ಟಿಗೆ ಹತ್ತು ನಿಮಿಷ ಇರುವಾಗ, ಒಣ ತೋಳಿನ ಮೇಲೆ ರೇಜರ್ ಎಳೆಯುವುದು. ನೀರು ಹಾಕಿದರೆ ಬ್ಲೌಸಿನ ತೋಳು ಒದ್ದೆಯಾಗುತ್ತದೆ ಅಂತ ನೀರೂ ಇಲ್ಲ. ಆಮೇಲೆ ಎಂಟೊಂಬತ್ತು ಗಂಟೆ ಎಸಿಯಲ್ಲಿ ಉರಿಯುವ ಕೈಯಲ್ಲಿ ಕೀಕಾರ್ಡ್ ಕೊಡುತ್ತಾ ನಗಬೇಕು. ಮುಂದಿನ ವಾರ ಅದೇ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆ, ಚರ್ಮದ ಒಳಗೇ ಸುರುಳಿ ಸುತ್ತಿಕೊಂಡ ಕೂದಲು. ನಮ್ಮ ಕಂದು ಚರ್ಮದಲ್ಲಿ ಗುಳ್ಳೆ ವಾಸಿಯಾದರೂ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಮೇಲ್ದುಟಿಗೆ ಮತ್ತೆ ಮತ್ತೆ ದಾರ ಹಾಕಿಸಿಕೊಂಡು ಅಲ್ಲಿ ಕಪ್ಪಾದವರು, ಆ ಕಪ್ಪು ಮುಚ್ಚಲು ಬ್ಲೀಚ್ ಹಾಕಿಸಿಕೊಂಡು ಸುಟ್ಟುಕೊಂಡವರು ನಮ್ಮ ಡೆಸ್ಕಿನಲ್ಲೇ ಇದ್ದರು.

ನನ್ನ ಗಲ್ಲದಲ್ಲಿ ದಪ್ಪ ಕೂದಲು ಬರಲು ಶುರುವಾದದ್ದು ಕೆಲಸಕ್ಕೆ ಸೇರಿದ ಮೇಲೆ. ಮುಟ್ಟೂ ತಿಂಗಳು ತಿಂಗಳು ತಪ್ಪುತ್ತಿತ್ತು. ಅಮ್ಮ ಕಡಲೆಹಿಟ್ಟಿಗೆ ಕಸ್ತೂರಿ ಅರಿಶಿನ ಕಲಸಿ ಕಳಿಸುತ್ತಿದ್ದಳು, "ತಿಕ್ಕಿ ತಿಕ್ಕಿ ತೊಳಿ, ತಾನೇ ಉದುರುತ್ತೆ" ಅನ್ನುತ್ತಿದ್ದಳು. ಪಾರ್ಲರಿನ ಅಕ್ಕನೇ ನನಗೆ ಮೊದಲು ಹೇಳಿದ್ದು: "ಇದು ಬರೀ ಥ್ರೆಡಿಂಗಿಗೆ ಬಗ್ಗೋ ಕೂದಲಲ್ಲಮ್ಮ, ಒಂದ್ಸಲ ಡಾಕ್ಟರ್ ಹತ್ರ ತೋರಿಸು." ಆಕೆಯ ಆ ಮಾತಿಗೆ ನಾನು ಇವತ್ತಿಗೂ ಋಣಿ. ಪರೀಕ್ಷೆಯಲ್ಲಿ ಪಿಸಿಓಎಸ್ ಅಂತ ಬಂತು, ಅಂದರೆ ಹಾರ್ಮೋನಿನ ಏರುಪೇರಿನಿಂದ ಮುಟ್ಟು ತಪ್ಪುವ, ಮುಖದಲ್ಲಿ ದಪ್ಪ ಕೂದಲು ಬರುವ ಸಮಸ್ಯೆ. ಹತ್ತು ಹೆಂಗಸರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇರುವ ತೊಂದರೆ ಇದು.

ಡಾಕ್ಟರಮ್ಮ ಒಂದು ಚಾರ್ಟ್ ತೋರಿಸಿದರು. ಫೆರಿಮನ್ ಮತ್ತು ಗಾಲ್ವೇ ಅನ್ನುವ ಇಬ್ಬರು 1961ರಲ್ಲಿ ಮಾಡಿದ ಅಳತೆ. ಮೈಯ 11 ಜಾಗಗಳಲ್ಲಿ ಕೂದಲು ಎಷ್ಟಿದೆ ನೋಡಿ 0ಯಿಂದ 4ರವರೆಗೆ ಅಂಕ ಕೊಡುವುದು. ಈಗ ಬಳಸುವ ತಿದ್ದಿದ ರೂಪದಲ್ಲಿ ಜಾಗಗಳು 9 ಮಾತ್ರ. ಬಿಟ್ಟ ಎರಡು ಯಾವುವು ಗೊತ್ತೇ? ಮೊಣಕೈ ಕೆಳಗಿನ ತೋಳು, ಮೊಣಕಾಲ ಕೆಳಗಿನ ಕಾಲು. ಅಲ್ಲಿ ಕೂದಲಿರುವುದು ಹೆಂಗಸರಿಗೆ ಸಹಜ, ಅದರಿಂದ ಹಾರ್ಮೋನಿನ ಏರುಪೇರು ಗೊತ್ತಾಗುವುದಿಲ್ಲ ಅಂತ ಅವನ್ನು ಕೈಬಿಟ್ಟಿದ್ದಾರೆ. ರೋಗ ಹುಡುಕುವ ವೈದ್ಯರೇ ಲೆಕ್ಕಕ್ಕೆ ತೆಗೆದುಕೊಳ್ಳದ ಕೂದಲು ನಮ್ಮ ಡ್ಯೂಟಿ ಮ್ಯಾನೇಜರ್ ಪಟ್ಟಿಯಲ್ಲಿ ದಿನಾ ಲೆಕ್ಕಕ್ಕೆ ಬರುತ್ತಿತ್ತು. ನಾನು ತೋಳಿಗೆ ವ್ಯಾಕ್ಸ್ ಮಾಡಿಸುವುದನ್ನು ನಿಲ್ಲಿಸಿದ್ದು ಆ ಚಾರ್ಟ್ ನೋಡಿದ ಮೇಲೆ.

ಗಲ್ಲದ ಕೂದಲನ್ನು ಮಾತ್ರ ಈಗಲೂ ತೆಗೆಯುತ್ತೇನೆ, ರೇಜರಿನಲ್ಲಿ, ಸ್ನಾನವಾದ ಮೇಲೆ, ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ. ಯಾರೂ ಹೇಳಿ ಮಾಡಿಸುತ್ತಿರುವುದಲ್ಲ, ನನಗೆ ಹಾಗೆ ಇಷ್ಟ. ಬೋಳಿಸಿದರೆ ದಪ್ಪಗಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ. 1928ರಲ್ಲೇ ಮಿಲ್‌ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ ಹಾಗೇನೂ ಆಗುವುದಿಲ್ಲ ಅಂತ ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಗಲುತ್ತದೆ, ಅಷ್ಟೇ. ಲೇಸರ್ ಮಾಡಿಸಿಕೊಳ್ಳುವವರು ಯಂತ್ರ ಯಾವುದು ಅಂತ ಕೇಳಿಯೇ ಕೂರಬೇಕು. ಲೇಸರ್ ಕೂದಲಿನ ಕಪ್ಪನ್ನು ಗುರಿ ಮಾಡುತ್ತದೆ, ಚರ್ಮವೂ ಕಪ್ಪಗಿದ್ದರೆ ಅದೂ ಸುಡಬಹುದು. ನಮ್ಮ ಬಣ್ಣದವರಿಗೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಅನ್ನುವ ಬಗೆಯ ಲೇಸರ್ ಹೆಚ್ಚು ಸುರಕ್ಷಿತ. ಹಾರ್ಮೋನಿನ ತೊಂದರೆ ಹಾಗೇ ಇದ್ದರೆ ಲೇಸರ್ ಆದಮೇಲೂ ಕೂದಲು ಮತ್ತೆ ಬರುತ್ತದೆ. ಆ ತೊಂದರೆಗೆ ಮಾತ್ರೆ ಶುರು ಮಾಡಿದವರು ಆರು ತಿಂಗಳಾದರೂ ಕಾಯಬೇಕು, ಕೂದಲಿನ ಬೆಳವಣಿಗೆಯ ಸುತ್ತೇ ನಿಧಾನದ್ದು. ಇನ್ನೊಂದು ಮಾತು: ಕೆಲವೇ ತಿಂಗಳಲ್ಲಿ ದಿಢೀರನೆ ಮುಖದ ತುಂಬ ಕೂದಲು ಬಂದು, ದನಿಯೂ ಗಡಸಾದರೆ ಪಾರ್ಲರಿಗೆ ಹೋಗಬೇಡಿ, ತಡಮಾಡದೆ ವೈದ್ಯರಿಗೆ ತೋರಿಸಿ.

ವ್ಯಾಕ್ಸ್ ನಿಲ್ಲಿಸಿದ ಮೇಲೆ ಬ್ರೀಫಿಂಗಿನಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗುರುತು ಬೀಳತೊಡಗಿತು. ಡ್ಯೂಟಿ ಮ್ಯಾನೇಜರ್ ಎಲ್ಲರೆದುರು "ಏನ್ರೀ ಇದು, ನಮ್ಮ ಬೆಲ್‌ಬಾಯ್‌ಗಿಂತ ಜಾಸ್ತಿ ಇದೆ" ಅಂದರು. ನಾನು ವಾದಕ್ಕೆ ಹೋಗಲಿಲ್ಲ. "ಇದು ನನ್ನ ಕೂದಲು ಸಾರ್, ಹೀಗೇ ಇರುತ್ತೆ. ಕೈ ತೊಳೆದಿದ್ದೀನಿ, ಉಗುರು ಕತ್ತರಿಸಿದ್ದೀನಿ" ಅಂದೆ. ಪ್ರತಿ ಸಲವೂ ಇಷ್ಟೇ ಮಾತು, ಇದೇ ದನಿ. ಕಾರಣ ಕೊಡುತ್ತಾ ಹೋದರೆ ಆ ಕಾರಣದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ನನ್ನ ಕಾಯಿಲೆಯ ವಿಷಯವನ್ನು ನಾನು ಯಾವತ್ತೂ ಕಾರಣವಾಗಿ ಹೇಳಲಿಲ್ಲ, ಬೇಕಂತಲೇ. ಹಾಗೆ ಹೇಳಿದ್ದರೆ ನನ್ನೊಬ್ಬಳಿಗೆ ವಿನಾಯಿತಿ ಸಿಗುತ್ತಿತ್ತು, ಉಳಿದವರು ಸಿಂಕಿನ ಮುಂದೆಯೇ ನಿಂತಿರುತ್ತಿದ್ದರು.

ಲಾಕ್‌ಡೌನ್ ಬಂತು, ಪಾರ್ಲರು ಮುಚ್ಚಿದವು, ನಮ್ಮ ಮೂಗು ಬಾಯಿ ಮಾಸ್ಕಿನ ಹಿಂದೆ ಹೋಯಿತು. ಮೇಲ್ದುಟಿಯ ಸಾಲನ್ನು ಯಾರೂ ನೆನೆಸಿಕೊಳ್ಳಲಿಲ್ಲ. ಮಾಸ್ಕ್ ಕಳಚಿದ ವಾರವೇ ಅದು ವಾಪಸ್ಸಾಯಿತು.

2024ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿ ಪರೀಕ್ಷೆಯಲ್ಲಿ ರಾಜ್ಯಕ್ಕೇ ಮೊದಲು ಬಂದ ಹುಡುಗಿಯ ಫೋಟೋ ನಿಮಗೆ ನೆನಪಿರಬಹುದು. ಆ ಮಗುವಿನ ಅಂಕ ಬಿಟ್ಟು ಮೇಲ್ದುಟಿಯ ಕೂದಲಿನ ಬಗ್ಗೆ ಜನ ಆಡಿದ ಮಾತು ಓದಿ ನಮ್ಮ ಲಾಕರ್ ರೂಮಿನಲ್ಲಿ ಎಲ್ಲರೂ ಬೈಯುತ್ತಿದ್ದರು. ಆಗ ಟ್ರೇನಿಯೊಬ್ಬಳು ಹೇಳಿದಳು: "ಮೇಡಂ, ಆ ಹುಡುಗಿ ನಾಳೆ ನಮ್ಮಲ್ಲಿ ಕೆಲಸಕ್ಕೆ ಬಂದ್ರೆ ನಾವೂ ಅವಳ ಹೆಸರಿನ ಮುಂದೆ ಕೆಂಪು ಗುರುತೇ ಹಾಕೋದಲ್ವಾ?" ಯಾರೂ ಮಾತಾಡಲಿಲ್ಲ. ಪಟ್ಟಿಯನ್ನೇ ಬದಲಿಸಬೇಕು ಅಂತ ನಾನು ಬರೆಯಲು ಕೂತದ್ದು ಆ ಸಂಜೆ.

ಮೊದಲು ಸುಲಭದ್ದನ್ನು ಹಿಡಿದೆ. ಗಂಡಸು ಮ್ಯಾನೇಜರ್ ಹೆಣ್ಣುಮಕ್ಕಳ ತೋಳು, ತುಟಿಯನ್ನು ಹತ್ತಿರದಿಂದ ನೋಡಿ ಎಲ್ಲರೆದುರು ಮಾತಾಡುವುದು ನಿಲ್ಲಬೇಕು ಅಂತ ಎಚ್‌ಆರ್‌ಗೆ ಬರೆದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹೆಣ್ಣಿನ ಮೈಯ ಬಗ್ಗೆ ಆಡುವ ಅವಮಾನದ ಮಾತು ಆ ಸಮಿತಿಯ ಮುಂದೆ ಬರಬಹುದು ಅಂತ ನೆನಪಿಸಿದೆ. ಅದೇ ವಾರ ಚೆಕ್ ಮಾಡುವ ಕೆಲಸ ಮಹಿಳಾ ಸೂಪರ್‌ವೈಸರ್‌ಗೆ ಬಂತು.

ಸಾಲನ್ನು ತೆಗೆಸುವುದಕ್ಕೆ ಸಮಯ ಹಿಡಿಯಿತು. ಹೋಟೆಲಿನ ಜನರಲ್ ಮ್ಯಾನೇಜರ್, ಅಂದರೆ ಜಿಎಂ, ಹೇಳಿದ್ದು "ಬ್ರ್ಯಾಂಡ್ ಸ್ಟ್ಯಾಂಡರ್ಡ್" ಮತ್ತು "ಗೆಸ್ಟ್‌ಗಳಿಗೆ ಹೇಗನ್ನಿಸುತ್ತೆ". ಎರಡಕ್ಕೂ ಕಾಗದ ಇಟ್ಟುಕೊಂಡೇ ಹೋಗಿದ್ದೆ. ಹಿಂದಿನ ವರ್ಷದ ಗೆಸ್ಟ್ ದೂರುಗಳ ಫೈಲು: ರೂಮು ತಡ, ವೈಫೈ ಇಲ್ಲ, ಇಡ್ಲಿ ಆರಿದೆ, ಬಿಲ್ಲಿನಲ್ಲಿ ತಪ್ಪು. ರಿಸೆಪ್ಷನಿಸ್ಟ್ ತೋಳಿನ ಬಗ್ಗೆ ಒಂದು ಸಾಲೂ ಇಲ್ಲ. ಬ್ರ್ಯಾಂಡಿನ ಮಾತಿಗೆ, ವರ್ಜಿನ್ ಅಟ್ಲಾಂಟಿಕ್ ವಿಮಾನ ಕಂಪನಿ 2019ರಲ್ಲಿ ತನ್ನ ಗಗನಸಖಿಯರಿಗೆ ಮೇಕಪ್ ಕಡ್ಡಾಯವಲ್ಲ ಅಂತ ನಿಯಮ ಬದಲಿಸಿದ ಸುದ್ದಿಯ ಪ್ರತಿ. ನಮ್ಮ ವ್ಯವಹಾರದಲ್ಲಿ ಕಾನೂನಿಗಿಂತ ಮೊದಲು ಕಿವಿಗೆ ಬೀಳುವುದು ಇನ್ನೊಂದು ದೊಡ್ಡ ಕಂಪನಿ ಏನು ಮಾಡಿತು ಅನ್ನುವುದು.

ಆಮೇಲೆ ಅಡುಗೆಮನೆಯ ಮಾತೆತ್ತಿದೆ. ನಮ್ಮ ಶೆಫ್‌ಗಳು ಮೊಣಕೈವರೆಗೆ ತೋಳು ಮಡಚಿ ಹಿಟ್ಟು ನಾದುತ್ತಾರೆ. ಕೈತುಂಬ ಕೂದಲು. ಆಹಾರ ಸುರಕ್ಷತೆಯ ನಿಯಮ ಅವರಿಗೆ ಹೇಳುವುದು ಕೈ ತೊಳೆಯಿರಿ, ಉಗುರು ಕತ್ತರಿಸಿ, ತಲೆ ಮುಚ್ಚಿಕೊಳ್ಳಿ ಅಂತ. ಊಟ ಮುಟ್ಟುವ ಕೈಗೆ ಬೇಡವಾದ ವ್ಯಾಕ್ಸ್ ಕೀಕಾರ್ಡ್ ಮುಟ್ಟುವ ಕೈಗೆ ಯಾಕೆ ಬೇಕು ಅಂತ ಕೇಳಿದೆ. ಜಿಎಂ ಉತ್ತರ ಕೊಡಲಿಲ್ಲ, ಆದರೆ ಫೈಲು ತಮ್ಮ ಹತ್ತಿರ ಇಟ್ಟುಕೊಂಡರು.

ಕೊನೆಗೆ ಕೆಲಸ ಮಾಡಿದ್ದು ದುಡ್ಡಿನ ಲೆಕ್ಕ. ಯೂನಿಫಾರ್ಮ್ ಒಗೆಯಲು ಹೋಟೆಲಿನ ಲಾಂಡ್ರಿ ಇದೆ, ಶೂಗೆ ದುಡ್ಡು ಕೊಡುತ್ತಾರೆ. ತೋಳು, ಅರ್ಧ ಕಾಲು, ಹುಬ್ಬು, ಮೇಲ್ದುಟಿ ಎಲ್ಲ ಸೇರಿ ಸಾಧಾರಣ ಪಾರ್ಲರಿನಲ್ಲೂ ತಿಂಗಳಿಗೆ ಸಾವಿರ ರೂಪಾಯಿ ಹತ್ತಿರ ಹೋಗುತ್ತದೆ. ಆಗ ಹೊಸದಾಗಿ ಸೇರಿದವರ ಕೈಗೆ ಬರುತ್ತಿದ್ದದ್ದು 18,000. ಕಡ್ಡಾಯ ಅಂದರೆ ಇದೂ ಯೂನಿಫಾರ್ಮಿನ ಖರ್ಚೇ, ಪ್ರತಿ ಮಹಿಳಾ ಸಿಬ್ಬಂದಿಗೆ ಗ್ರೂಮಿಂಗ್ ಭತ್ಯೆ ಕೊಡಿ, ಇಲ್ಲವಾದರೆ ಸಾಲು ತೆಗೆಯಿರಿ ಅಂತ ಎರಡು ಆಯ್ಕೆ ಬರೆದು ಅಕೌಂಟ್ಸ್ ಮೂಲಕ ಕಳಿಸಿದೆ. ಹೌಸ್‌ಕೀಪಿಂಗ್, ರೆಸ್ಟೋರೆಂಟ್, ಸ್ಪಾದ ಹೆಣ್ಣುಮಕ್ಕಳೂ ಸಹಿ ಹಾಕಿದ್ದರು. ಭತ್ಯೆಯ ಮೊತ್ತ ನೋಡಿದ ಮೇಲೆ ಸಾಲು ಹೋಯಿತು. ಇಂಥ ನಿಯಮ ಇರುವ ಕಡೆ ಕೆಲಸ ಮಾಡುವವರು ಮೊದಲು ಈ ಲೆಕ್ಕ ಹಾಕಿ. ಒಬ್ಬೊಬ್ಬರೇ ಹೋಗಿ ಕೇಳಬೇಡಿ, ಒಟ್ಟಿಗೆ ಸಹಿ ಹಾಕಿ ಬರೆದು ಕೊಡಿ.

ಈಗ ಪಟ್ಟಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ವಾಕ್ಯ: ಮೈ, ಕೂದಲು, ಉಗುರು, ಬಟ್ಟೆ ಸ್ವಚ್ಛವಾಗಿರಬೇಕು. ಹುಬ್ಬು ಮತ್ತು ಮೇಲ್ದುಟಿಯ ಜಾಗದಲ್ಲಿ "ಮುಖ ಅಚ್ಚುಕಟ್ಟಾಗಿ ಕಾಣಬೇಕು" ಅಂತ ಹಾಕಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ, ನೋಡುವವರ ಮರ್ಜಿಗೆ ಬಿಟ್ಟ ಮಾತು ಅದು. ಸಂದರ್ಶನದ ಫಾರಂನಲ್ಲಿ "ಪ್ರೆಸೆಂಟಬಲ್" ಅಂತ ಅಂಕ ಕೊಡುವ ಕಾಲಂ ಇತ್ತು. ಅಂಕ ಕಡಿಮೆ ಹಾಕಿದವರು ಏನು ನೋಡಿ ಹಾಕಿದರು ಅಂತ ಪಕ್ಕದಲ್ಲಿ ಬರೆಯಬೇಕು ಅಂತ ಮಾಡಿಸಿದ್ದೇನೆ. ಬರೆಯಬೇಕಾಗಿ ಬಂದಾಗ "ತುಟಿಯ ಮೇಲೆ ಕೂದಲು" ಅಂತ ಬರೆಯಲು ಯಾರ ಕೈಯೂ ಮುಂದೆ ಬರುವುದಿಲ್ಲ.

ನಮ್ಮ ಡೆಸ್ಕಿನ ಹೆಚ್ಚಿನ ಹುಡುಗಿಯರು ಈಗಲೂ ವ್ಯಾಕ್ಸ್ ಮಾಡಿಸುತ್ತಾರೆ, ಮಾಡಿಸಲಿ. ಸಿಂಕಿನ ಮುಂದೆ ಒಣ ರೇಜರ್ ಎಳೆಯುವುದು ನಿಂತಿದೆ. ಪಂಜಾಬಿನಿಂದ ಬಂದ ಸಿಖ್ ಟ್ರೇನಿಯೊಬ್ಬಳು ತನ್ನ ಧರ್ಮದ ಪ್ರಕಾರ ಮೈಮೇಲಿನ ಕೂದಲನ್ನು ಮುಟ್ಟದವಳು. ಹಳೇ ಪಟ್ಟಿ ಇದ್ದಿದ್ದರೆ ಅವಳು ಮೊದಲ ದಿನವೇ ವಾಪಸ್ ಹೋಗಬೇಕಿತ್ತು. ಈಗ ನೈಟ್ ಶಿಫ್ಟ್ ನೋಡಿಕೊಳ್ಳುತ್ತಾಳೆ.

ಬಾಕಿ ಇರುವುದು ಬ್ಯಾಂಕ್ವೆಟ್ ಹಾಲಿನದ್ದು. ಮದುವೆ, ಕಾನ್ಫರೆನ್ಸುಗಳಿಗೆ ಸ್ವಾಗತಕ್ಕೆ ನಿಲ್ಲುವ ಹುಡುಗಿಯರು ಏಜೆನ್ಸಿಯಿಂದ ಬರುತ್ತಾರೆ, ನಮ್ಮ ಪಟ್ಟಿ ಅವರಿಗೆ ಅನ್ವಯಿಸುವುದಿಲ್ಲ. ಏಜೆನ್ಸಿಯ ಕರಾರಿನಲ್ಲಿ ವ್ಯಾಕ್ಸಿಂಗ್ ಸಾಲು ಇನ್ನೂ ಇದೆ, ತಪ್ಪಿದರೆ ಆ ದಿನದ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಆ ಕರಾರು ಮಾರ್ಚ್‌ನಲ್ಲಿ ನವೀಕರಣಕ್ಕೆ ಬರುತ್ತದೆ. ಅಷ್ಟರೊಳಗೆ ಪರ್ಚೇಸ್ ವಿಭಾಗದವರ ಜೊತೆ ಕೂತು ಆ ಕಲಂ ತೆಗೆಸಬೇಕು. ಹುಡುಗಿಯರ ಕೂಲಿ ಕಡಿತದ ಚೀಟಿಗಳನ್ನು ಈಗಿನಿಂದಲೇ ಜೋಡಿಸಿಡುತ್ತಿದ್ದೇನೆ.