ಯಾರ್ಡಿನ ಹಾಡಿನಾಟಗಳು: ಐರ್ಲೆಂಡಿಗೆ ಮಕ್ಕಳೊಂದಿಗೆ ಬಂದವರಿಗೆ

ಇಲ್ಲಿ ಶಾಲೆಯ ಆಟದ ಅಂಗಳಕ್ಕೆ ಯಾರ್ಡ್ ಅನ್ನುತ್ತಾರೆ. ಪ್ರಾಥಮಿಕ ಶಾಲೆಯ ಮೊಟ್ಟಮೊದಲ ತರಗತಿಯಾದ ಜೂನಿಯರ್ ಇನ್‌ಫಂಟ್ಸ್‌ಗೆ ಸೇರಿದ ಮಗುವಿಗೆ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಚಿಂತೆಯಿಲ್ಲ. ಹಾಡಿನಾಟಕ್ಕೆ ಮಾತಿಗಿಂತ ಸರದಿ ಗೊತ್ತಿರಬೇಕು.

ಮೊದಲು ‘ಫಾರ್ಮರ್ ವಾಂಟ್ಸ್ ಎ ವೈಫ್’ ಕಲಿಸಿ. ಮಕ್ಕಳು ಕೈಹಿಡಿದು ಸುತ್ತುತ್ತಾರೆ, ನಡುವೆ ರೈತ. ಅವನು ಹೆಂಡತಿಯನ್ನು ಒಳಗೆ ಕರೆಯುತ್ತಾನೆ, ಅವಳು ಮಗುವನ್ನು, ಮಗು ದಾದಿಯನ್ನು, ದಾದಿ ನಾಯಿಯನ್ನು, ನಾಯಿ ಎಲುಬನ್ನು. ಒಳಗೇ ಆರು ಜನ ಆಗುವುದರಿಂದ ಹತ್ತು ಮಕ್ಕಳಾದರೂ ಬೇಕು, ಇಲ್ಲದಿದ್ದರೆ ಸುತ್ತೇ ಉಳಿಯದು. ಕೊನೆಗೆ ಎಲ್ಲರೂ ಎಲುಬಾದವರ ಬೆನ್ನು ತಟ್ಟುತ್ತಾರೆ. ತಟ್ಟುವುದು ಗುದ್ದಾಗಿ ಅಳು ಶುರುವಾಗುವುದು ಇಲ್ಲೇ. ಅದು ಶಿಕ್ಷೆಯಲ್ಲ, ಸಾಮಾನ್ಯವಾಗಿ ಮುಂದಿನ ರೈತ ಅವರೇ ಎಂದು ಮಗುವಿಗೆ ಮೊದಲೇ ಹೇಳಿಡಿ.

‘ಬ್ಲೂಬೆಲ್ಸ್’ ಆಟದಲ್ಲಿ ಸುತ್ತಾಗಿ, ಜೋಡಿಸಿದ ಕೈಗಳನ್ನು ಕಮಾನಿನಂತೆ ಎತ್ತಿ ನಿಲ್ಲುತ್ತಾರೆ. ಒಬ್ಬರು ಒಳಹೊರಗೆ ನುಸುಳಿ, ಹಾಡು ನಿಂತಲ್ಲಿ ಮುಂದಿದ್ದವರ ಭುಜ ತಟ್ಟುತ್ತಾರೆ. ತಟ್ಟಿಸಿಕೊಂಡವರೂ ನುಸುಳುವವರ ಸರಪಳಿಗೆ ಸೇರುತ್ತಾರೆ. ಕೈ ತಗ್ಗಿಸಿದರೆ ಸರಪಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಅಪ್ಪ ಅಮ್ಮ ಬೆಚ್ಚಿಬೀಳುವುದು ‘ಜೆನಿ ಜೋ’ ಕೇಳಿದಾಗ. ಜೆನಿ ತಾಯಿಯ ಬೆನ್ನ ಹಿಂದೆ ಅಡಗಿರುತ್ತಾಳೆ. ಉಳಿದವರು ಸಾಲಾಗಿ ಮುಂದೆ ಬಂದು, ಹಿಂದೆ ಸರಿದು, ಅವಳನ್ನು ನೋಡಬೇಕು ಅನ್ನುತ್ತಾರೆ. ಬಟ್ಟೆ ಒಗೆಯುತ್ತಿದ್ದಾಳೆ, ಇಸ್ತ್ರಿ ಹಾಕುತ್ತಿದ್ದಾಳೆ ಎಂದೆಲ್ಲ ನೆಪ ಹೇಳಿದ ತಾಯಿ ಕೊನೆಗೆ ಸತ್ತೇಹೋದಳು ಅನ್ನುತ್ತಾಳೆ. ಆಮೇಲೆ ಯಾವ ಬಣ್ಣ ಉಡಿಸುವುದು ಎಂಬ ಚರ್ಚೆ. ಕೆಂಪು ಸೈನಿಕರಿಗೆ, ನೀಲಿ ನಾವಿಕರಿಗೆ, ಬಿಳಿ ಸತ್ತವರಿಗೆ. ಕೆಲವೆಡೆ ಹೆಣವೇ ಎದ್ದು ಅಟ್ಟಿಸಿಕೊಂಡು ಬರುತ್ತದೆ, ಮಕ್ಕಳು ಕಾಯುವುದೂ ಅದಕ್ಕೇ. ಅಪಶಕುನ ಎಂದು ನಡುವೆ ಆಟ ನಿಲ್ಲಿಸಬೇಡಿ.

ಐರಿಷ್ ನುಡಿಯ ‘ಲೂರಬೋಗ್ ಲಾರಬೋಗ್’ ನಮ್ಮ ಮಕ್ಕಳಿಗೆ ಬೇಗ ಹತ್ತುತ್ತದೆ. ಕಾಲುಚಾಚಿ ಕೂತವರ ಪಾದಗಳನ್ನು ಪದಕ್ಕೊಂದರಂತೆ ಮುಟ್ಟುತ್ತಾರೆ. ಕೊನೆಯ ಪದ ಬಿದ್ದ ಕಾಲನ್ನು ಒಳಗೆಳೆದುಕೊಳ್ಳಬೇಕು. ‘ಅವಲಕ್ಕಿ ಪವಲಕ್ಕಿ’ ಗೊತ್ತಿರುವ ಮಗುವಿಗೆ ಕೈಯ ಬದಲು ಕಾಲು, ಅಷ್ಟೇ ವ್ಯತ್ಯಾಸ.

ಪದಗಳು ಊರಿಂದೂರಿಗೆ ಬೇರೆ. ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿಸಿದರೆ ಯಾರ್ಡಿನಲ್ಲಿ ‘ಅದು ಹಾಗಲ್ಲ’ ಎಂಬ ಜಗಳ ಖಚಿತ. ಪಕ್ಕದ ಮನೆಯ ಅಜ್ಜಿಯನ್ನೇ ಕೇಳಿ. 1937ರಿಂದ 1939ರವರೆಗೆ ಈಗಿನ ಐರ್ಲೆಂಡ್ ಗಣರಾಜ್ಯದ 26 ಕೌಂಟಿಗಳ ಶಾಲಾಮಕ್ಕಳೇ ಹಿರಿಯರಿಂದ ಬರೆದುಕೊಂಡ ಜಾನಪದ ಸಂಗ್ರಹ ‘ದೂಖಸ್’ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ; ಕೌಂಟಿ ಆರಿಸಿ ಹುಡುಕಬಹುದು.