‘ತತ್ತ್ವಮಸಿ’ಯನ್ನು ಮೂರು ಮತಗಳ ಕಣ್ಣಲ್ಲಿ ಓದುವ ಕ್ರಮ

ಛಾಂದೋಗ್ಯ ಉಪನಿಷತ್ತಿನ 6ನೇ ಅಧ್ಯಾಯವನ್ನು ಮೊದಲು ಭಾಷ್ಯವಿಲ್ಲದೆ ಪೂರ್ತಿ ಓದಿ. ಒಟ್ಟು 16 ಖಂಡ. ಉದ್ದಾಲಕ ಮಗ ಶ್ವೇತಕೇತುವಿಗೆ ‘ತತ್ತ್ವಮಸಿ’ ಎಂದು 9 ಸಲ ಹೇಳುತ್ತಾನೆ. ಒಂಬತ್ತೂ ಕಡೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿ ಬರುವ ದೃಷ್ಟಾಂತವನ್ನು ಪಕ್ಕದಲ್ಲಿ ಬರೆದುಕೊಳ್ಳಿ: ದಾರಕ್ಕೆ ಕಟ್ಟಿದ ಹಕ್ಕಿ, ಜೇನು, ನದಿ, ಆಲದ ಬೀಜ, ಉಪ್ಪು... ಆ ಒಂದು ವಾಕ್ಯವನ್ನಷ್ಟೇ ಕಿತ್ತುಕೊಂಡು ಕೂತರೆ ಭಾಷ್ಯಕಾರರ ಜಗಳ ಏತಕ್ಕೆಂದೇ ತಿಳಿಯುವುದಿಲ್ಲ.

ಆಮೇಲೆ ಪದಚ್ಛೇದ. ಇಲ್ಲಿ ಅವಸರ ಬೇಡ. ಕಿವಿಗೆ ಬೀಳುವುದು ‘ಸ ಆತ್ಮಾತತ್ತ್ವಮಸಿ’. ಅದ್ವೈತದ ಶಂಕರರೂ ವಿಶಿಷ್ಟಾದ್ವೈತದ ರಾಮಾನುಜರೂ ‘ಆತ್ಮಾ, ತತ್, ತ್ವಮ್, ಅಸಿ’ ಎಂದು ಬಿಡಿಸುತ್ತಾರೆ: ಅದು ನೀನು. ದ್ವೈತದ ಮಧ್ವರದು ‘ಆತ್ಮಾ, ಅತತ್’: ನೀನು ಅದಲ್ಲ. ಆ + ಅ = ಆ; ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿಯೇ. ಬಾಯಿಬಿಟ್ಟು ಹೇಳಿ ನೋಡಿ, ಎರಡೂ ಒಂದೇ ಸದ್ದು. ಹಾಗಾಗಿ ‘ಮಧ್ವರು ಅಕ್ಷರ ಸೇರಿಸಿದರು’ ಎಂಬ ಆರೋಪ ನಿಲ್ಲುವುದಿಲ್ಲ. ಅಚ್ಚಿನಲ್ಲಿ ಪದಗಳ ನಡುವೆ ಬಿಟ್ಟ ಜಾಗ ಸಂಪಾದಕರ ತೀರ್ಮಾನ. ಅದನ್ನೇ ಮೂಲವೆಂದು ನಂಬಬೇಡಿ.

ಒಂದೇ ರೀತಿ ಬಿಡಿಸಿದರೂ ಅರ್ಥ ಒಂದಾಗದು. ಶಂಕರರಿಗೆ ಇದು ಜೀವ–ಬ್ರಹ್ಮರ ಐಕ್ಯ. ರಾಮಾನುಜರಿಗೆ ಜೀವ ಬ್ರಹ್ಮದ ಶರೀರ. ‘ನೀನು’ ಎಂಬ ಪದ ಜೀವದ ಒಳಗಿದ್ದು ಅದನ್ನು ನಡೆಸುವ ಬ್ರಹ್ಮದವರೆಗೂ, ಅಂದರೆ ಅಂತರ್ಯಾಮಿಯವರೆಗೂ, ಹೋಗುತ್ತದೆ. ಅವರ ಛಾಂದೋಗ್ಯಭಾಷ್ಯವನ್ನು ಹುಡುಕಿ ಸೋಲುವವರು ಬಹಳ. ರಾಮಾನುಜರು ಉಪನಿಷತ್ತುಗಳಿಗೆ ಬಿಡಿಬಿಡಿಯಾಗಿ ಭಾಷ್ಯ ಬರೆದಿಲ್ಲ, ‘ವೇದಾರ್ಥಸಂಗ್ರಹ’ ತೆಗೆಯಿರಿ. ಮಧ್ವರ ವಾದಕ್ಕೆ ಛಾಂದೋಗ್ಯಭಾಷ್ಯದ ಜೊತೆಗೆ ‘ವಿಷ್ಣುತತ್ತ್ವವಿನಿರ್ಣಯ’ ಬೇಕು. ಒಂದು ಮತವನ್ನು ಅದರ ಎದುರಾಳಿಯ ಖಂಡನೆಯಿಂದ ಕಲಿಯಬೇಡಿ. ಅಲ್ಲಿ ಸಿಗುವುದು ಖಂಡಿಸಲು ಅನುಕೂಲವಾದಷ್ಟೇ ಪೂರ್ವಪಕ್ಷ (ಎದುರು ಪಕ್ಷದ ವಾದ).

ಈಗ ಗುರುತು ಹಾಕಿದ ದೃಷ್ಟಾಂತಗಳಿಗೆ ಮರಳಿ. ಸಮುದ್ರ ಸೇರಿದ ನದಿಗಳಿಗೆ ‘ನಾನು ಇಂಥ ನದಿ’ ಎಂಬ ಅರಿವು ಉಳಿಯುವುದಿಲ್ಲ (6.10). ಅದ್ವೈತಿಗೆ ಇದೇ ಬಲ. ಅರಿವಿಲ್ಲದ ಮಾತ್ರಕ್ಕೆ ಭೇದ ಅಳಿಯದು ಎಂಬುದು ದ್ವೈತಿಯ ಉತ್ತರ. ಹಕ್ಕಿ ಬೇರೆ, ದಾರ ಬೇರೆ ಎಂದು ಅವರು 6.8.2ನ್ನು ಮುಂದಿಡುತ್ತಾರೆ.

ಕೊನೆಗೆ ವೇದವಾಕ್ಯದ ತಾತ್ಪರ್ಯ ನಿರ್ಣಯಿಸುವ ಮೀಮಾಂಸೆಯ ಅಳತೆಗೋಲು ಹಿಡಿಯಿರಿ: ಉಪಕ್ರಮ–ಉಪಸಂಹಾರ (ಆರಂಭ–ಮುಕ್ತಾಯ), ಅಭ್ಯಾಸ (ಮತ್ತೆ ಮತ್ತೆ ಹೇಳುವುದು), ಅಪೂರ್ವತೆ (ಬೇರೆಡೆಯಿಂದ ತಿಳಿಯದ ಹೊಸತನ), ಫಲ (ಪ್ರಯೋಜನ), ಅರ್ಥವಾದ (ಹೊಗಳಿಕೆ), ಉಪಪತ್ತಿ (ಯುಕ್ತಿ). ಈ ಆರೂ ಮೂವರಿಗೂ ಒಪ್ಪಿಗೆ. ಆದರೆ ಉಪಕ್ರಮ ಎಲ್ಲಿಂದ? ಅದ್ವೈತಿ ಬೆರಳಿಡುವುದು ಒಂದು ಮಣ್ಣಿನ ಮುದ್ದೆಯನ್ನು ತಿಳಿದರೆ ಮಣ್ಣಿನದೆಲ್ಲವೂ ತಿಳಿಯುತ್ತದೆ ಎಂಬ 6.1.4ರ ಮೇಲೆ. ದ್ವೈತಿ ಎರಡು ಮಂತ್ರ ಹಿಂದಕ್ಕೆ ಹೋಗಿ, 12 ವರ್ಷ ಓದಿ ಬಿಗುಮಾನದಿಂದ ಮನೆಗೆ ಬಂದ ಶ್ವೇತಕೇತುವನ್ನು ತೋರಿಸುತ್ತಾನೆ: ಸೊಕ್ಕಿದ ಹುಡುಗನಿಗೆ ‘ನೀನೇ ಬ್ರಹ್ಮ’ ಎಂದು ಯಾವ ತಂದೆ ಹೇಳಿಯಾನು?